ತಿಂಗಳು ತುಂಬುವುದು

ಕೆಲವು ತಿಂಗಳ ಹಿಂದೆ ಮಗಳನ್ನು ಕರೆದುಕೊಂಡು ರಾಜಾಜಿನಗರದ ಒಂದು ಆಸ್ಪತ್ರೆಗೆ ಹೋಗಿದ್ದೆ. ನಮ್ಮ ಮುಂದೆ ಮಾಗಡಿ ಕಡೆಯ ಹುಡುಗಿಯೊಬ್ಬಳು, ಜೊತೆಗೆ ಅವಳ ಅಜ್ಜಿ. “ಎಷ್ಟು ತಿಂಗಳು?” ಎಂದು ದಾದಿ ಕೇಳಿದಳು. ಹುಡುಗಿ ತಲೆ ತಗ್ಗಿಸಿ “ಏಳು” ಎಂದಳು. ದಾದಿ ಬರೆದುಕೊಂಡದ್ದೂ ಆಯಿತು. ಆಗ ಅಜ್ಜಿ, “ಏಳಲ್ಲ ಕಣವ್ವ, ಆರು ತುಂಬಿ ಏಳಕ್ಕೆ ಬಿದ್ದದೆ” ಎಂದಳು. ದಾದಿ ಬರೆದದ್ದನ್ನು ಹೊಡೆದುಹಾಕಿ, ಕಡೆಯ ಮುಟ್ಟಿನ ದಿನವನ್ನು ಕೇಳಿ, ಹೊಸದಾಗಿ ಬರೆದಳು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಅಂದು ಆ ಅಜ್ಜಿಯಿಂದ ಪಾಠವಾಯಿತು.

“ಏಳು ತಿಂಗಳು” ಎಂದರೆ ಏಳು ಮುಗಿದಿದೆ ಎಂದಾಗಬಹುದು. ಏಳನೆಯದು ನಡೆಯುತ್ತಿದೆ ಎಂದೂ ಆಗಬಹುದು. ಕೂಸು ಸರಿಯಾಗಿ ಬೆಳೆದಿದೆಯೇ ಎಂದು ನೋಡುವಾಗ ಒಂದು ತಿಂಗಳ ವ್ಯತ್ಯಾಸ ಸಣ್ಣದಲ್ಲ. ‘ತುಂಬು’, ‘ಬೀಳು’ ಎಂಬ ಎರಡೇ ಕ್ರಿಯಾಪದಗಳಿಂದ ನಮ್ಮ ಹೆಂಗಸರು ಆ ಸಂದೇಹವನ್ನು ಕಳೆದಿದ್ದಾರೆ.

ತರಗತಿಯಲ್ಲಿ ‘ಗರ್ಭಿಣಿ’ ಎಂದರೆ ಮಕ್ಕಳು ಸುಮ್ಮನಿರುತ್ತಾರೆ, ‘ಬಸುರಿ’ ಎಂದರೆ ನಗುತ್ತಾರೆ. ಇದು ಒರಟು ಮಾತೆಂಬ ಭಾವನೆ ಏತಕ್ಕೆ ಬಂತೋ! ಹಳಗನ್ನಡದಲ್ಲಿ ಬಸಿಱ್ ಎಂದರೆ ಹೊಟ್ಟೆ. ತಮಿಳಿನ ಉಯಿರ್ ಎಂಬುದಕ್ಕೆ ನಮ್ಮಲ್ಲಿ ಉಸಿರು, ಪೆಯರ್ ಎಂಬುದಕ್ಕೆ ಹೆಸರು. ಹಾಗೆಯೇ ವಯಿಱು ಎಂಬುದಕ್ಕೆ ಬಸಿರು. ಉಸಿರು, ಹೆಸರುಗಳಿಗೆ ನಾಚದವರು ಬಸಿರಿಗೆ ನಾಚಬೇಕೆ? ಅತ್ತ ಗರ್ಭದ ತದ್ಭವವಾದ ಗಬ್ಬವನ್ನು ದನಗಳಿಗೆ ಬಿಟ್ಟುಕೊಟ್ಟಿದ್ದೇವೆ.

ಮುಟ್ಟು ನಿಂತ ಮೇಲೆ ಬಯಕೆಯ ಕಾಲ. ಸುಶ್ರುತ ಸಂಹಿತೆಯು ನಾಲ್ಕನೆಯ ತಿಂಗಳ ಬಸುರಿಯನ್ನು ದೌಹೃದಿನಿ ಎನ್ನುತ್ತದೆ. ಎರಡು ಹೃದಯದವಳು, ತನ್ನದೊಂದು, ಕೂಸಿನದೊಂದು. ಹುಳಿಮಾವು ಕೇಳುವವಳು ಇಬ್ಬರ ಪರವಾಗಿ ಕೇಳುತ್ತಾಳೆ ಎಂಬ ಅಕ್ಕರೆ ಅದರಲ್ಲಿದೆ. ಮುಂದೆ ಸೀಮಂತದಲ್ಲಿ ಮಡಿಲು ತುಂಬುತ್ತಾರೆ. ಕೊನೆಗೆ ದಿನ ತುಂಬುತ್ತದೆ, ಅವಳು ತುಂಬುಗರ್ಭಿಣಿ. ಕನ್ನಡದ ತುಂಬು ಸಂಸ್ಕೃತದ ಗರ್ಭಿಣಿಯೊಡನೆ ಇಲ್ಲಿ ಜಗಳವಿಲ್ಲದೆ ಬಾಳುತ್ತಿದೆ. ವೈದ್ಯರ ಲೆಕ್ಕ ವಾರಗಳದು: ಕಡೆಯ ಮುಟ್ಟಿನ ಮೊದಲ ದಿನದಿಂದ 40 ವಾರ, ಅಂದರೆ 280 ದಿನ.

ಹೆರುವುದಕ್ಕೆ ಸೂಲು ಎಂಬ ಹಳೆಯ ಮಾತುಂಟು. ಎಮ್ಮೆ ಕೊಳ್ಳುವವರು ಇಂದಿಗೂ “ಎಷ್ಟನೆಯ ಸೂಲು?” ಎನ್ನುತ್ತಾರೆ. ಆ ಮಾತಿನಿಂದಲೇ ಸೂಲಗಿತ್ತಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ, ಅವರ ಹೆಸರಿನೊಡನೆ ಈ ಪದವೂ ದೆಹಲಿಗೆ ಹೋಗಿಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಹಳೆಯ ಮಾತಿಗಾಗಿ ಹಳೆಯ ಕಾಲಕ್ಕೆ ಮರಳಬೇಕೆಂದು ನಾನು ಹೇಳುವುದಿಲ್ಲ. ಹೆರಿಗೆ ಆಸ್ಪತ್ರೆಯಲ್ಲಾಗುವುದೇ ಕ್ಷೇಮ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ಮನೆಮಾತನ್ನು ಬಿಟ್ಟು ಒಳಗೆ ಹೋಗಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ಬಸುರಿಯಿದ್ದರೆ ಕಡೆಯ ಮುಟ್ಟಿನ ದಿನವನ್ನು ಬರೆದಿಡಿ. ಯಾರಾದರೂ ತಿಂಗಳು ಕೇಳಿದರೆ, ತುಂಬಿದ್ದೆಷ್ಟು, ಈಗ ಬಿದ್ದಿರುವುದು ಎಷ್ಟಕ್ಕೆ ಎಂದು ನಾಚದೆ ಹೇಳಿ.