ಅತ್ತಿಯ ಹೂವು

ಅತ್ತಿಮರದ ಹೂವನ್ನು ಕಂಡವರಿಲ್ಲ ಎನ್ನುತ್ತಾರೆ ಹಿರಿಯರು. ಹೂವಿದೆ, ಕಾಯಿಯೊಳಗಿದೆ. ಎಳೆಯ ಅತ್ತಿಕಾಯಿಯನ್ನು ಸೀಳಿ ನೋಡಿ: ಒಳಗೋಡೆಯ ತುಂಬ ಪುಟಾಣಿ ಹೂಗಳು ಒತ್ತೊತ್ತಾಗಿ ನಿಂತಿವೆ. ಜೇನಿಗಾಗಲಿ ಚಿಟ್ಟೆಗಾಗಲಿ ಅಲ್ಲಿಗೆ ದಾರಿಯಿಲ್ಲ. ತುದಿಯ ಕಿರುಗಂಡಿಯಲ್ಲಿ ನುಸುಳಿ ಪರಾಗ ತಲುಪಿಸುವುದು ಸುಮಾರು 2 ಮಿಲಿಮೀಟರ್ ಉದ್ದದ ಹೆಣ್ಣು ಕಣಜ. ನುಸುಳುವಾಗ ಸಾಮಾನ್ಯವಾಗಿ ಅದರ ರೆಕ್ಕೆಗಳೇ ಮುರಿದುಹೋಗುತ್ತವೆ. ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಉಳಿದವಕ್ಕೆ ಪರಾಗ ಸವರಿ, ಅದು ಅಲ್ಲೇ ಸಾಯುತ್ತದೆ. ಕೆಲವು ವಾರಗಳಲ್ಲಿ ಮರಿಗಳು ಬಲಿಯುತ್ತವೆ. ರೆಕ್ಕೆಯಿಲ್ಲದ ಗಂಡುಗಳು ಗೋಡೆ ಕೊರೆದು ದಾರಿ ಮಾಡಿಕೊಡುತ್ತವೆ. ಹೆಣ್ಣುಗಳು ಹೊಸ ಪರಾಗ ಹೊತ್ತು ಹಾರುತ್ತವೆ. ಪಠ್ಯಪುಸ್ತಕದಲ್ಲಿ ಇದು ‘ಸಹಜೀವನ’ ಎಂಬ ಒಂದೇ ಪದವಾಗಿ ಮುಗಿದುಬಿಡುತ್ತದೆ, ನನಗದು ಬೇಸರ. ಅತ್ತಿಯಲ್ಲಿ ಹುಳವೆಂದು ಮುಖ ಸಿಂಡರಿಸುವ ಮಕ್ಕಳಿಗೆ ಇದನ್ನು ತೋರಿಸಿಕೊಡಿ. ಕಣಜ ಬಾರದ ಕಾಯಿ ಸಾಮಾನ್ಯವಾಗಿ ಹಣ್ಣಾಗದೆ ಉದುರುತ್ತದೆ. ಹಣ್ಣಾದದ್ದನ್ನು ಬಾವಲಿ, ಕೋತಿ, ಮಂಗಟ್ಟೆಹಕ್ಕಿಗಳು ತಿಂದು ಬೀಜವನ್ನು ದೂರದೂರಕ್ಕೆ ಒಯ್ಯುತ್ತವೆ.