ಬಾರ್‌ಗೆ ಬೋರ್ಡ್ ಇದೆ, ಬಿಟ್ಟವರ ಸಭೆಗೆ?

ನಿಮ್ಮ ಊರಿಗೆ ಹೊಸಬರು ಬಂದು ಬಾರ್ ಎಲ್ಲಿದೆ ಅಂತ ಕೇಳಿದ್ರೆ ಸಣ್ಣ ಹುಡುಗನೂ ಕೈ ತೋರಿಸ್ತಾನೆ. ಅದೇ ಊರಲ್ಲಿ, ‘ಕುಡಿತ ಬಿಟ್ಟವರು ವಾರಕ್ಕೊಮ್ಮೆ ಎಲ್ಲಿ ಸೇರ್ತಾರೆ?’ ಅಂತ ಕೇಳಿ ನೋಡಿ. ದೊಡ್ಡವರೂ ತಲೆ ಕೆರ್ಕೋತಾರೆ.

ಇದು ಸಣ್ಣ ವಿಷಯ ಅಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸ್ತಾರೆ. ಅದರಲ್ಲಿ 5 ಕೋಟಿಗೂ ಹೆಚ್ಚು ಜನಕ್ಕೆ ಅದರಿಂದ ಹೊರಬರೋಕೆ ಸಹಾಯ ಬೇಕು. ಪೂರ್ತಿ ಚಟಕ್ಕೆ ಬಿದ್ದವರಲ್ಲಿ ಯಾವುದೇ ರೀತಿಯ ಚಿಕಿತ್ಸೆ ಸಿಕ್ಕಿದ್ದು ಎಷ್ಟು ಜನಕ್ಕೆ ಗೊತ್ತಾ? 38 ಜನರಲ್ಲಿ ಒಬ್ಬರಿಗೆ. ಉಳಿದ 37 ಜನ ಏನು ಮಾಡ್ತಾರೆ? ಆಣೆ ಮಾಡ್ತಾರೆ. ದೇವರ ಮುಂದೆ, ತಾಯಿ ಮುಂದೆ, ಮಗಳ ತಲೆ ಮೇಲೆ ಕೈ ಇಟ್ಟು. ಆಣೆ ಮುರಿದಾಗ ಮನೆಯವರು ಹೇಳೋದು ಒಂದೇ ಮಾತು: ‘ಇವನಿಗೆ ಮನಸ್ಸಿಲ್ಲ.’

ನಿಜವಾಗ್ಲೂ ಮನಸ್ಸಿಲ್ವಾ? ಅಯ್ಯಪ್ಪನ ಮಾಲೆ ಹಾಕಿದವರನ್ನ ನೋಡಿ. ವರ್ಷವಿಡೀ ಕುಡಿಯೋ ಮನುಷ್ಯ ಮಾಲೆ ಬಿದ್ದ ಮೇಲೆ 41 ದಿನ ಒಂದು ಹನಿ ಮುಟ್ಟಲ್ಲ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಸಂಜೆ ಮತ್ತೆ ಬಾರ್ ಮುಂದೆ ನಿಂತಿರ್ತಾನೆ. ಜನ ನಗ್ತಾರೆ. ನಾನು ಎಂಜಿನಿಯರಿಂಗ್ ಓದಿದವನು. 41 ದಿನ ಸರಿಯಾಗಿ ಓಡಿದ ಯಂತ್ರ 42ನೇ ದಿನ ನಿಂತ್ರೆ ನಾವು ಕೇಳೋ ಮೊದಲ ಪ್ರಶ್ನೆ: ಏನನ್ನ ಕಳಚಿದ್ವಿ?

ಕಳಚಿದ್ದು ಬರೀ ಮಾಲೆ ಅಲ್ಲ. ಆ 41 ದಿನ ಅವನ ಸುತ್ತ ಒಂದು ಗುಂಪಿತ್ತು. ಸಂಜೆ ಆದ್ರೆ ಭಜನೆ ಇತ್ತು. ಕುಡುಕ ಅಂತಿದ್ದ ಊರು ‘ಸ್ವಾಮಿ’ ಅಂತ ಕರೀತಿತ್ತು. ಕಷ್ಟದ ಹೊತ್ತಲ್ಲಿ, ಅಂದ್ರೆ ಸಂಜೆ ಏಳು ಗಂಟೆಗೆ, ಹೋಗೋಕೆ ಒಂದು ಜಾಗ ಇತ್ತು. ಮಾಲೆ ಜೊತೆ ಅದೆಲ್ಲ ಹೋಯ್ತು.

ಅಂಥ ಜಾಗವನ್ನ ವರ್ಷಪೂರ್ತಿ ಕೊಡೋ ವ್ಯವಸ್ಥೆ ಇದೆ ವೀಕ್ಷಕರೇ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನೋ ಊರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಭೇಟಿಯಾದ್ರು. ಇಬ್ಬರೂ ಕುಡಿತದಿಂದ ಸೋತವರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ವಿವರಿಸಬೇಕಾಗಿರಲಿಲ್ಲ. ಅಲ್ಲಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಎ.ಎ. ಭಾರತಕ್ಕೆ ಬಂದಿದ್ದು 1957ರಲ್ಲಿ. ಶುಲ್ಕ ಇಲ್ಲ, ಅರ್ಜಿ ಇಲ್ಲ, ಜಾತಿ ಕೇಳಲ್ಲ, ಪೂರ್ತಿ ಹೆಸರೂ ಬೇಕಿಲ್ಲ. ಕುಡಿತ ಬಿಡಬೇಕು ಅನ್ನೋ ಆಸೆ ಇದ್ರೆ ಸಾಕು. ಇದು ಬರೀ ನಂಬಿಕೆಯ ಮಾತಲ್ಲ. 10 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ 27 ಅಧ್ಯಯನಗಳನ್ನ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ 2020ರಲ್ಲಿ ಬಂತು. ಪೂರ್ತಿ ಕುಡಿತ ಬಿಟ್ಟಿರೋ ವಿಷಯದಲ್ಲಿ ಈ ದಾರಿ ಬೇರೆ ಚಿಕಿತ್ಸೆಗಳಿಗಿಂತ ಮುಂದಿದೆ ಅಂತ ಅದು ಹೇಳ್ತು.

ನಮ್ಮ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ನೋಡಿರ್ತೀರಿ. ಶಿಬಿರ ಮುಗಿದ ಮೇಲೂ ಬಿಟ್ಟವರು ಕೂಡಿ ಇರಲಿ ಅಂತ ಅಲ್ಲೂ ನವಜೀವನ ಸಮಿತಿಗಳಿವೆ. ದಾರಿ ಬೇರೆ, ತತ್ವ ಒಂದೇ: ಬಿಡೋದು ಒಂದು ದಿನದ ಕೆಲಸ, ಬಿಟ್ಟಿರೋದು ದಿನಾ ಮಾಡೋ ಕೆಲಸ. ದಿನಾ ಮಾಡೋ ಕೆಲಸಕ್ಕೆ ಜನ ಹತ್ತಿರದಲ್ಲೇ ಇರಬೇಕು. ನೂರು ಕಿಲೋಮೀಟರ್ ದೂರದ ಸಭೆಗೆ ಪ್ರತಿ ವಾರ ಯಾರು ಹೋಗ್ತಾರೆ?

ಒಂದು ಎಚ್ಚರಿಕೆ, ದಯವಿಟ್ಟು ಕೇಳಿ. ಬೆಳಗ್ಗೆ ಎದ್ದ ತಕ್ಷಣ ಕೈ ನಡುಗೋರು, ವರ್ಷಗಟ್ಟಲೆ ದಿನವೂ ಕುಡಿದವರು ಮನೆಯಲ್ಲೇ ಏಕಾಏಕಿ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು. ಎರಡು–ಮೂರು ದಿನದಲ್ಲಿ ಇಲ್ಲದ್ದೆಲ್ಲ ಕಾಣಿಸಿ, ಜೀವಕ್ಕೇ ಅಪಾಯ ಆಗಬಹುದು. ಅವರನ್ನ ಕೋಣೆಗೆ ಹಾಕಿ ಬೀಗ ಜಡಿಯೋದು ಚಿಕಿತ್ಸೆ ಅಲ್ಲ. ಮೊದಲು ವೈದ್ಯರು, ಆಮೇಲೆ ಸಭೆ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಉಳಿದವರು ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನ ಕಾಣಿ. ಫೋನ್ ಮಾಡೋದಾದ್ರೆ ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯದ ಟೆಲಿ ಮನಸ್‌ಗೆ 14416. ಎರಡಕ್ಕೂ ಕಾಸು ಬೇಕಿಲ್ಲ. ‘ನಮ್ಮ ಊರಿಗೆ ಹತ್ತಿರದ ಸಭೆ ಎಲ್ಲಿದೆ?’ ಅಂತ ವೈದ್ಯರನ್ನ ಬಾಯಿಬಿಟ್ಟು ಕೇಳಿ.

ಅವರು ಬರಲ್ಲ ಅಂದ್ರೆ? ಅಮ್ಮಂದಿರೇ, ಅಕ್ಕಂದಿರೇ, ನೀವು ಹೋಗಿ. ಮನೆಯವರಿಗೆ ಅಂತಲೇ ಅಲ್-ಅನಾನ್ ಅನ್ನೋ ಬೇರೆ ಗುಂಪಿದೆ. ಅವರು ಕುಡಿಯೋದು ನಿಮ್ಮ ತಪ್ಪಲ್ಲ ಅನ್ನೋದನ್ನ, ಅದನ್ನ ಅನುಭವಿಸಿದವರ ಬಾಯಲ್ಲೇ ಅಲ್ಲಿ ಕೇಳ್ತೀರಿ.

ಕೊನೆಯದಾಗಿ ಸರ್ಕಾರಕ್ಕೆ ಒಂದು ಪ್ರಶ್ನೆ. ಪ್ರತಿ ಬಜೆಟ್‌ನಲ್ಲೂ ಅಬಕಾರಿ ವರಮಾನಕ್ಕೆ ಗುರಿ ಇಡ್ತೀರಿ. ಇಷ್ಟು ಊರುಗಳಲ್ಲಿ ಬಿಟ್ಟವರ ಸಭೆ ನಡೀಬೇಕು ಅನ್ನೋ ಗುರಿ ಯಾಕಿಲ್ಲ? ಅದಕ್ಕೆ ಕೋಟಿ ಬೇಡ. ಶಾಲೆಯ ಒಂದು ಕೋಣೆ, ಹತ್ತು ಕುರ್ಚಿ, ಭಾನುವಾರ ಸಂಜೆ ಒಂದು ಗಂಟೆ ಸಾಕು. ಬರೋರ ಹೆಸರು ಗುಟ್ಟಾಗಿರಲಿ, ಜಾಗ ಗುಟ್ಟಾಗಿರೋದು ಬೇಡ. ಪಂಚಾಯ್ತಿ ಗೋಡೆ ಮೇಲೆ ಆ ವಿಳಾಸ ಬರೆಸಿ.