ಎಸರಿನ ಗುಳ್ಳೆ ಹೇಳುವ ಮಾತು
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಗೊಬ್ಬರದ ವಿಷಯವನ್ನಾಗಲಿ ಬಿತ್ತನೆ ಬೀಜದ ವಿಷಯವನ್ನಾಗಲಿ ಹೇಳಲು ಈ ದಿನ ನಾನು ನಿಂತಿಲ್ಲ. ನಿಮ್ಮ ಮನೆಯ ಒಲೆಯ ಮೇಲೆ ದಿನವೂ ನಡೆಯುವ ಒಂದು ಸಣ್ಣ ಸಂಗತಿಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಪಾತ್ರೆಯಲ್ಲಿ ನೀರಿಟ್ಟು ಉರಿ ಹಚ್ಚುತ್ತೀರಿ. ಸ್ವಲ್ಪ ಹೊತ್ತಿಗೆ ಗುಳ್ಳೆ ಕಾಣುತ್ತದೆ. "ನೀರು ಕಾಯಿತು" ಎಂದು ಇಳಿಸಿಬಿಡುತ್ತೀರಿ. ಆ ಗುಳ್ಳೆ ಎಲ್ಲಿಂದ ಬಂತು, ಅದರೊಳಗೆ ಏನಿದೆ, ಎಲ್ಲ ಗುಳ್ಳೆಯೂ ಒಂದೇ ಜಾತಿಯದೇ ಎಂದು ಯಾರೂ ಕೇಳುವುದಿಲ್ಲ.

ಅದನ್ನು ತಿಳಿದು ಏನಾಗಬೇಕು ಎನ್ನುತ್ತೀರಾ? ನಮ್ಮ ಅಡಿಗೆಮನೆಗಳಲ್ಲಿ ಉಷ್ಣಮಾಪಕವಿಲ್ಲ. ಕುಡಿಯುವ ನೀರು ಸಾಕಷ್ಟು ಕಾದಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಗುಳ್ಳೆಯೊಂದೇ. ಅದರ ಮಾತನ್ನು ತಪ್ಪಾಗಿ ತಿಳಿದರೆ ಸೌದೆಯೂ ಸುಟ್ಟುಹೋಗುತ್ತದೆ, ನೀರಿನಲ್ಲಿರುವ ರೋಗದ ಕ್ರಿಮಿಯೂ ಉಳಿಯುತ್ತದೆ, ಮನೆಯ ಮಗುವಿಗೆ ವಾಂತಿಭೇದಿಯೂ ತಪ್ಪುವುದಿಲ್ಲ. ಆದುದರಿಂದ ಈ ವಿಷಯ ಚಿಕ್ಕದಲ್ಲ.

ಮೂರು ಬಗೆಯ ಗುಳ್ಳೆ

ಇಂದು ಸಂಜೆ ಒಂದು ಪಾತ್ರೆಯಲ್ಲಿ ತಣ್ಣೀರು ಹಾಕಿ, ಸಣ್ಣ ಉರಿಯ ಮೇಲಿಟ್ಟು, ಹತ್ತಿರ ಕುಳಿತು ನೋಡಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ, ಆದರೆ ಕೈಗೆ ಎಟುಕದಷ್ಟು ದೂರದಲ್ಲಿ.

ಮೊದಲು ಪಾತ್ರೆಯ ಬದಿಗೂ ತಳಕ್ಕೂ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಇವು ಹಬೆಯ ಗುಳ್ಳೆಗಳಲ್ಲ, ಗಾಳಿಯ ಗುಳ್ಳೆಗಳು. ಕೆರೆಯ ಮೀನು ಉಸಿರಾಡುವುದು ನೀರಿನಲ್ಲಿ ಕರಗಿರುವ ಗಾಳಿಯಿಂದ ಎಂಬುದು ನಿಮಗೆ ಗೊತ್ತಿದೆ. ನೀರು ಬಿಸಿಯಾದಂತೆಲ್ಲ ಗಾಳಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆಯಾಗುತ್ತದೆ. ಹೆಚ್ಚಾದ ಗಾಳಿ ಹೀಗೆ ಹೊರಬೀಳುತ್ತದೆ. ಆ ಹೊತ್ತಿಗೆ ನೀರು ಕುದಿಯುವ ಮಟ್ಟದಿಂದ ಇನ್ನೂ ಬಹಳ ಕೆಳಗಿರುತ್ತದೆ.

ಎರಡನೆಯದಾಗಿ, ಎಸರು ಸದ್ದು ಮಾಡಲು ಪ್ರಾರಂಭಿಸುತ್ತದೆ. ತಳದ ನೀರು ಲೋಹಕ್ಕೆ ತಾಗಿಕೊಂಡಿರುವುದರಿಂದ ಅದು ಮೊದಲು ಆವಿಯಾಗಿ ಗುಳ್ಳೆ ಕಟ್ಟುತ್ತದೆ. ಆ ಗುಳ್ಳೆ ಮೇಲೇಳುತ್ತಲೇ ತಣ್ಣಗಿರುವ ನೀರಿಗೆ ಸಿಕ್ಕಿ, ಒಳಗಿನ ಆವಿ ಮತ್ತೆ ನೀರಾಗಿ, ಗುಳ್ಳೆ ಕುಸಿದುಹೋಗುತ್ತದೆ. ಇಂಥ ಸಾವಿರಾರು ಗುಳ್ಳೆಗಳು ಹುಟ್ಟಿ ಕುಸಿಯುವ ಸದ್ದೇ ನಾವು ಕೇಳುವುದು. ಇನ್ನೂ ನೀರು ಪೂರ್ತಿ ಕುದಿದಿಲ್ಲ.

ಮೂರನೆಯದಾಗಿ, ಸದ್ದು ತಗ್ಗಿ ದೊಡ್ಡ ದೊಡ್ಡ ಗುಳ್ಳೆಗಳು ತಳದಿಂದ ಎದ್ದು, ದಾರಿಯಲ್ಲಿ ಕುಸಿಯದೆ ಮೇಲಕ್ಕೆ ಬಂದು ಒಡೆಯುತ್ತವೆ. ಕೈಯಾಡಿಸಿದರೂ ನಿಲ್ಲದೆ ನೀರು ಕೊತಕೊತನೆ ಕುದಿಯುತ್ತದೆ. ಈಗ ತಳದಿಂದ ಮೇಲಿನವರೆಗೆ ನೀರೆಲ್ಲ ಕುದಿಯುವ ಮಟ್ಟಕ್ಕೆ ಬಂದಿದೆ ಎಂದರ್ಥ. ಸಮುದ್ರಮಟ್ಟದ ಊರುಗಳಲ್ಲಿ ಇದು 100 ಡಿಗ್ರಿ ಸೆಂಟಿಗ್ರೇಡ್. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಂಥ ಕಡೆ, ಗಾಳಿಯ ಒತ್ತಡ ಕಡಿಮೆಯಾದ್ದರಿಂದ, ಸುಮಾರು 97 ಡಿಗ್ರಿಗೇ ನೀರು ಕುದಿಯುತ್ತದೆ. ಎರಡು ಕಡೆಯೂ ರೋಗದ ಕ್ರಿಮಿಗಳು ಸಾಯಲು ಈ ಶಾಖ ಸಾಕು. ಈ ಮೂರನೆಯ ಗುಳ್ಳೆಯನ್ನು ಕಂಡ ಮೇಲೆ ಒಂದು ನಿಮಿಷ ಹಾಗೆಯೇ ಕುದಿಯಲು ಬಿಟ್ಟು ಇಳಿಸಿರಿ. ಮೊದಲಿನ ಗುಳ್ಳೆಗೇ ಇಳಿಸಿದ ನೀರನ್ನು ಕಾಯಿಸಿದ ನೀರೆಂದು ನಂಬಬೇಡಿ.

ಗುಳ್ಳೆಗೂ ಒಂದು ನೆಲೆ ಬೇಕು

ಕುದಿಯುವ ಪಾತ್ರೆಯನ್ನು ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಗುಳ್ಳೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ತಳದ ಕೆಲವು ಗೊತ್ತಾದ ಜಾಗಗಳಿಂದಲೇ ಮಣಿಸರದಂತೆ ಒಂದರ ಹಿಂದೊಂದು ಏಳುತ್ತವೆ. ಆ ಜಾಗಗಳಲ್ಲಿ ಕಣ್ಣಿಗೆ ಕಾಣದ ಗೀರುಗಳೂ ಕುಳಿಗಳೂ ಇರುತ್ತವೆ. ಅವುಗಳೊಳಗೆ ಒಂದಿಷ್ಟು ಗಾಳಿ ಅಡಗಿರುತ್ತದೆ. ಹುಟ್ಟುವ ಆವಿ ಆ ಗಾಳಿಯೊಳಗೆ ಸೇರಿಕೊಂಡು ಬೆಳೆಯುತ್ತದೆ.

ಗಾಳಿಯ ನೆಲೆಯಿಲ್ಲದೆ ಗುಳ್ಳೆ ಹುಟ್ಟುವುದು ಕಷ್ಟ. ನೀರಿನ ಮೇಲ್ಮೈಗೆ ಒಂದು ಬಿಗಿತವಿದೆ. ಗುಳ್ಳೆ ಚಿಕ್ಕದಾದಷ್ಟೂ ಈ ಬಿಗಿತ ಅದನ್ನು ಹೆಚ್ಚು ಬಲವಾಗಿ ಹಿಸುಕುತ್ತದೆ. ಏನೂ ಇಲ್ಲದ ಕಡೆ ಹೊಸದಾಗಿ ಹುಟ್ಟಬೇಕಾದ ಗುಳ್ಳೆ ಹುಟ್ಟುವಾಗಲೇ ಅಮುಕಿಹೋಗುತ್ತದೆ.

ಇದರಿಂದ ಒಂದು ಅಪಾಯವೂ ಉಂಟು. ಪಾತ್ರೆ ಬಹಳ ನುಣುಪಾಗಿದ್ದು ನೀರನ್ನು ಅಲುಗಾಡಿಸದೆ ಕಾಯಿಸಿದರೆ, ಕುದಿಯುವ ಮಟ್ಟವನ್ನು ದಾಟಿದರೂ ಒಮ್ಮೊಮ್ಮೆ ಗುಳ್ಳೆ ಏಳದೆ ನೀರು ಸುಮ್ಮನಿರುತ್ತದೆ. ಈಗ ಹಳ್ಳಿಯ ಮನೆಗಳಿಗೂ ಬರುತ್ತಿರುವ ಮೈಕ್ರೋವೇವ್ ಒಲೆಯಲ್ಲಿ ಗಾಜಿನ ಲೋಟದ ನೀರು ಹೀಗಾಗುವುದುಂಟು. ಹೊರಗೆ ತೆಗೆದು ಸಕ್ಕರೆಯನ್ನೋ ಕಾಫಿಪುಡಿಯನ್ನೋ ಹಾಕಿದೊಡನೆ ಗುಳ್ಳೆಗಳಿಗೆ ನೆಲೆ ಸಿಕ್ಕಿ, ನೀರು ಭುಗಿಲೆದ್ದು ಮುಖಕ್ಕೆ ಸಿಡಿಯುತ್ತದೆ. ಪ್ರಯೋಗಶಾಲೆಗಳಲ್ಲಿ ದ್ರವ ಕಾಯಿಸುವವರು ಮೊದಲೇ ಪಿಂಗಾಣಿಯ ಒರಟು ಚೂರುಗಳನ್ನು ಒಳಗೆ ಹಾಕುವುದು ಈ ಕಾರಣಕ್ಕೇ. ಮನೆಯಲ್ಲಾದರೆ ಅಂಥ ನೀರನ್ನು ಒಲೆಯೊಳಗೇ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಹೊರಗೆ ತೆಗೆಯಿರಿ. ಕಾಯಿಸುವ ಮೊದಲೇ ಲೋಟದಲ್ಲಿ ಒಂದು ಮರದ ಕಡ್ಡಿಯನ್ನು ನಿಲ್ಲಿಸುವುದೂ ಒಳ್ಳೆಯದು.

ಇದೇ ಅಪಾಯವನ್ನು ಒಬ್ಬ ವಿಜ್ಞಾನಿ ಉಪಕಾರಕ್ಕೆ ತಿರುಗಿಸಿಕೊಂಡರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿದ್ದ ಡೊನಾಲ್ಡ್ ಗ್ಲೇಸರ್ 1952ರಲ್ಲಿ ಚಿಕ್ಕ ಗಾಜಿನ ಪಾತ್ರೆಯೊಂದರಲ್ಲಿ ಈಥರ್ ಎಂಬ ದ್ರವವನ್ನು ಒತ್ತಡದಲ್ಲಿಟ್ಟು ಕಾಯಿಸಿದರು. ಈಥರ್ ಸಾಮಾನ್ಯವಾಗಿ ಸುಮಾರು 35 ಡಿಗ್ರಿಗೇ ಕುದಿಯುತ್ತದೆ. ಅವರು ಅದನ್ನು ಅದಕ್ಕಿಂತ ಬಹಳ ಮೇಲಕ್ಕೆ ಕಾಯಿಸಿ, ಒತ್ತಡವನ್ನು ಥಟ್ಟನೆ ಇಳಿಸಿದರು. ನುಣುಪಾದ ಗಾಜಿನಲ್ಲಿ ಗುಳ್ಳೆಗೆ ನೆಲೆಯಿಲ್ಲದೆ ದ್ರವ ಕ್ಷಣಕಾಲ ಸುಮ್ಮನೆ ನಿಂತಿತು. ಆಗ ಪರಮಾಣುವಿಗಿಂತಲೂ ಸೂಕ್ಷ್ಮವಾದ, ವಿದ್ಯುತ್ತನ್ನು ಹೊತ್ತ ಕಣವೊಂದು ಒಳಗೆ ಹಾದುಹೋದರೆ, ಅದು ಹೋದ ದಾರಿಯುದ್ದಕ್ಕೂ ಸಣ್ಣ ಗುಳ್ಳೆಗಳ ಸಾಲು ಹುಟ್ಟುತ್ತದೆ. ಎತ್ತಿನ ಗಾಡಿ ಹೋದ ಮೇಲೆ ಕೆಸರಿನಲ್ಲಿ ಚಕ್ರದ ಜಾಡು ಉಳಿಯುವಂತೆ, ಕಣ್ಣಿಗೆ ಕಾಣದ ಕಣದ ಜಾಡು ಗುಳ್ಳೆಗಳಲ್ಲಿ ಮೂಡುತ್ತದೆ. ಈ ಸಾಧನಕ್ಕೆ ಗುಳ್ಳೆಕೋಣೆ ಎನ್ನಬಹುದು. ಇದಕ್ಕಾಗಿ 1960ರಲ್ಲಿ ಗ್ಲೇಸರ್ ಅವರಿಗೆ ನೊಬೆಲ್ ಬಹುಮಾನ ಬಂತು.

ಗುಳ್ಳೆ ಹೊರುವ ಶಾಖ

ಇನ್ನು ಗುಳ್ಳೆ ಮಾಡುವ ಕೆಲಸವನ್ನು ನೋಡೋಣ. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 75 ಕ್ಯಾಲೊರಿ ಶಾಖ ಸಾಕು. ಅದೇ ನೀರನ್ನು ಪೂರ್ತಿ ಆವಿ ಮಾಡಲು ಇನ್ನೂ ಸುಮಾರು 540 ಕ್ಯಾಲೊರಿ ಬೇಕು. ಈ ಶಾಖವನ್ನೆಲ್ಲ ಗುಳ್ಳೆ ತನ್ನೊಳಗೆ ಹೊತ್ತುಕೊಂಡು ತಳವನ್ನು ಬಿಡುತ್ತದೆ. ಅದು ಬಿಟ್ಟ ಜಾಗಕ್ಕೆ ಬೇರೆ ನೀರು ನುಗ್ಗುತ್ತದೆ. ಹೀಗೆ ಲೋಹದ ಶಾಖ ಬೇಗ ಬೇಗ ನೀರಿಗೆ ಸೇರುತ್ತದೆ.

ಈ ಲೆಕ್ಕದಿಂದ ಎರಡು ವಿಷಯಗಳನ್ನು ಮನಗಾಣಬೇಕು. ಮೊದಲನೆಯದು, ನೀರು ಒಮ್ಮೆ ಚೆನ್ನಾಗಿ ಕುದಿಯತೊಡಗಿದ ಮೇಲೆ ಉರಿ ಹೆಚ್ಚಿಸಿದರೆ ಗುಳ್ಳೆ ಹೆಚ್ಚುತ್ತದೆಯೇ ಹೊರತು ನೀರಿನ ಬಿಸಿ ಹೆಚ್ಚುವುದಿಲ್ಲ. ಬೇಳೆ ಬೇಗ ಬೇಯಲೆಂದು ಇನ್ನೆರಡು ಸೌದೆ ತುರುಕಿದರೆ ಅದು ನಷ್ಟವೇ. ಉರಿ ತಗ್ಗಿಸಿ ಮುಚ್ಚಳ ಹಾಕಿದರೆ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ಎರಡನೆಯದು, ಹಬೆ ತಾಗಿದ ಸುಟ್ಟಗಾಯ ಕುದಿನೀರಿನ ಗಾಯಕ್ಕಿಂತ ಕೆಟ್ಟದಾಗುವುದು ಇದೇ ಕಾರಣದಿಂದ. ಹಬೆ ಚರ್ಮದ ಮೇಲೆ ನೀರಾಗುವಾಗ, ಹೊತ್ತು ತಂದ ಶಾಖವನ್ನೆಲ್ಲ ಅಲ್ಲಿಯೇ ಇಳಿಸುತ್ತದೆ. ಮುಚ್ಚಳ ತೆಗೆಯುವಾಗ ಅದರ ಆಚೆಯ ಅಂಚನ್ನು ಮೊದಲು ಎತ್ತಿರಿ. ಹಬೆ ಮುಖದ ಕಡೆ ಬರದೆ ಆ ಕಡೆ ಹೋಗುತ್ತದೆ. ಕುಕ್ಕರಿನ ಒತ್ತಡ ಪೂರ್ತಿ ಇಳಿಯುವ ಮೊದಲು ಮುಚ್ಚಳವನ್ನು ಮುಟ್ಟಬೇಡಿ.

ಗುಳ್ಳೆ ಮೇಲೇಳುವುದು ಅದು ನೀರಿಗಿಂತ ಹಗುರವಾದ್ದರಿಂದ. ತೂಕವೇ ತೋರದ ಕಡೆ ಏನಾದೀತು? 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದ್ರವ ಕುದಿಸುವ ಪ್ರಯೋಗಗಳು ನಡೆದವು. ಅಲ್ಲಿ ಗುಳ್ಳೆಗಳು ಮೇಲಕ್ಕೆ ಓಡಲಿಲ್ಲ. ಕಾದ ಲೋಹದ ಹತ್ತಿರವೇ ನಿಂತು, ಒಂದಕ್ಕೊಂದು ಕೂಡಿ, ದೊಡ್ಡ ಗುಳ್ಳೆಯಾಗಿ ಬೆಳೆದವು. ಗುಳ್ಳೆ ಹೀಗೆ ಜಾಗ ಬಿಡದಿದ್ದರೆ ಶಾಖ ಸಾಗಿಸುವ ಕೆಲಸವೂ ಸರಿಯಾಗಿ ನಡೆಯುವುದಿಲ್ಲ.

ಗುಳ್ಳೆ ಅತಿಯಾದರೆ

ಭೂಮಿಯ ಮೇಲೂ ಗುಳ್ಳೆ ಅತಿಯಾದರೆ ಕೆಡುಕುಂಟು. ದೋಸೆ ಹಾಕುವ ಮೊದಲು ತಾಯಂದಿರು ಕಾವಲಿಯ ಮೇಲೆ ನೀರು ಚಿಮುಕಿಸುತ್ತಾರೆ. ಹದವಾಗಿ ಕಾದಿದ್ದರೆ ನೀರು ಚುರ್ರೆಂದು ಆರಿಹೋಗುತ್ತದೆ. ಅತಿಯಾಗಿ ಕಾದಿದ್ದರೆ ಹನಿಗಳು ಆರದೆ ಮುತ್ತಿನಂತೆ ಉರುಳಾಡುತ್ತವೆ. ಹನಿಯ ಅಡಿಯಲ್ಲಿ ಆವಿಯ ಒಂದು ತೆಳು ಪದರ ಹುಟ್ಟಿ, ಹನಿ ಲೋಹಕ್ಕೆ ತಾಗದಂತೆ ತಡೆಯುವುದೇ ಇದಕ್ಕೆ ಕಾರಣ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಎಂಬವರು ಕೆಂಪಗೆ ಕಾದ ಕಬ್ಬಿಣದ ಸೌಟಿನಲ್ಲಿ ಇದನ್ನು ಕಂಡು 1756ರಲ್ಲಿಯೇ ಬರೆದಿದ್ದಾರೆ.

ಜಪಾನಿನ ನುಕಿಯಾಮಾ ಎಂಬ ವಿಜ್ಞಾನಿ 1934ರಲ್ಲಿ ಇದರ ಮಿತಿಯನ್ನು ಅಳೆದು ತೋರಿಸಿದರು. ತೆಳುವಾದ ಲೋಹದ ತಂತಿಯನ್ನು ನೀರಿನಲ್ಲಿ ಮುಳುಗಿಸಿ ವಿದ್ಯುತ್ತಿನಿಂದ ಕಾಯಿಸುತ್ತ ಹೋದರು. ಗುಳ್ಳೆಗಳು ಹೆಚ್ಚಿದಂತೆಲ್ಲ ತಂತಿಯಿಂದ ನೀರಿಗೆ ಹೋಗುವ ಶಾಖವೂ ಹೆಚ್ಚಿತು. ಒಂದು ಮಿತಿ ದಾಟಿದೊಡನೆ ಗುಳ್ಳೆಗಳೆಲ್ಲ ಒಂದಾಗಿ ಆವಿಯ ಕಂಬಳಿಯಂತೆ ತಂತಿಯನ್ನು ಮುಚ್ಚಿದವು. ನೀರು ಲೋಹವನ್ನು ಮುಟ್ಟದಂತಾಯಿತು. ತಂತಿಯ ಶಾಖ ಥಟ್ಟನೆ ಏರಿತು. ಆ ಶಾಖವನ್ನು ತಡೆಯಲಾರದ ಲೋಹವಾದರೆ, ನೀರಿನೊಳಗಿದ್ದೂ ಸುಟ್ಟುಹೋಗುತ್ತದೆ. ವಿದ್ಯುತ್ ತಯಾರಿಸುವ ಕೇಂದ್ರಗಳಲ್ಲಿ ಬಾಯ್ಲರು ಕಟ್ಟುವ ಎಂಜಿನಿಯರುಗಳು ಈ ಮಿತಿಯನ್ನು ಲೆಕ್ಕ ಹಾಕಿ, ಅದರಿಂದ ದೂರವೇ ಇರುತ್ತಾರೆ.

ಆಲೆಮನೆಯ ಪಾಠ

ಕಬ್ಬು ಬೆಳೆಯುವವರಿಗೆ ಗುಳ್ಳೆಯ ಭಾಷೆ ಹೊಸದೇನೂ ಅಲ್ಲ. ಕೊಪ್ಪರಿಗೆಯ ಮುಂದೆ ನಿಂತ ಅನುಭವಸ್ಥರು ಗುಳ್ಳೆಯನ್ನು ನೋಡಿಯೇ ಹದ ಹೇಳುತ್ತಾರೆ. ಮೊದಲು ಕಬ್ಬಿನ ಹಾಲು ತೆಳ್ಳಗಿದ್ದು ನೀರಿನಂತೆಯೇ ಕುದಿಯುತ್ತದೆ. ನೀರು ಇಂಗಿದಂತೆ ಸಕ್ಕರೆಯ ಅಂಶ ಗಟ್ಟಿಯಾಗಿ, ಕುದಿಯುವ ಶಾಖ 100 ಡಿಗ್ರಿಯಿಂದ ಮೇಲೇರುತ್ತದೆ. ಅಚ್ಚಿಗೆ ಹುಯ್ಯುವ ಹದಕ್ಕೆ ಬರುವಾಗ ಅದು ಸುಮಾರು 115ರಿಂದ 120 ಡಿಗ್ರಿ. ಆಗ ಪಾಕದ ಗುಳ್ಳೆಗಳು ಸುಲಭವಾಗಿ ಒಡೆಯದೆ ನೊರೆಯಾಗಿ ಉಬ್ಬುತ್ತವೆ. ಸ್ವಲ್ಪ ಎಣ್ಣೆ ಬಿಟ್ಟರೆ ನೊರೆ ಇಳಿಯುವುದು ನಿಮಗೆ ಗೊತ್ತಿದೆ. ಎಣ್ಣೆ ಗುಳ್ಳೆಗಳ ತೆಳು ಪೊರೆಯೊಳಗೆ ಸೇರಿ ಅದನ್ನು ಒಡೆಯುತ್ತದೆ. ಆ ಪಾಕ ಕುದಿನೀರಿಗಿಂತ ಹೆಚ್ಚು ಬಿಸಿ, ಮೇಲಾಗಿ ಮೈಗೆ ಅಂಟಿಕೊಳ್ಳುತ್ತದೆ. ಆದುದರಿಂದ ಕೊಪ್ಪರಿಗೆಯ ಸುತ್ತ ಮಕ್ಕಳನ್ನು ಬಿಡಲೇಬಾರದು.

ರಾಗಿ ಅಂಬಲಿ ಕಾಯಿಸುವಾಗ ಸಿಡಿಯುವುದೂ ಇಂಥದೇ. ಗಟ್ಟಿಯಾದ ಅಂಬಲಿಯಲ್ಲಿ ಹಬೆ ಮೇಲೇಳಲಾರದೆ ತಳದಲ್ಲಿ ಕೂಡಿಕೊಂಡು, ಒಮ್ಮೆಲೇ ನುಗ್ಗಿ ಬರುತ್ತದೆ. ಬಿಡದೆ ಕೈಯಾಡಿಸುತ್ತಿದ್ದರೆ ಹಬೆಗೆ ದಾರಿ ಸಿಗುತ್ತದೆ, ತಳವೂ ಹಿಡಿಯುವುದಿಲ್ಲ.

ಕೊನೆಯದಾಗಿ

ಇಷ್ಟರಲ್ಲಿ ನಾಲ್ಕು ಮಾತುಗಳನ್ನು ಮನೆಗೆ ಕೊಂಡೊಯ್ಯಿರಿ.

ಒಂದು, ಕುಡಿಯುವ ನೀರು ದೊಡ್ಡ ಗುಳ್ಳೆ ಎದ್ದು ಕೊತಕೊತನೆ ಕುದಿಯಬೇಕು. ಆ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಬೇಕು.

ಎರಡು, ಕಾಯಿಸಿದ ನೀರನ್ನು ಅದೇ ಪಾತ್ರೆಯಲ್ಲಿ ಮುಚ್ಚಿಡಬೇಕು. ಕೈ ಅದ್ದದೆ, ಹಿಡಿಯುಳ್ಳ ಸೌಟಿನಿಂದ ತೆಗೆಯಬೇಕು. ಕುದಿಸಿ ಶುದ್ಧ ಮಾಡಿದ ನೀರು ಕೊಳಕು ಕೈಯಿಂದ ಮತ್ತೆ ಕೆಡುತ್ತದೆ.

ಮೂರು, ಕುದಿಸುವುದರಿಂದ ಕ್ರಿಮಿ ಸಾಯುತ್ತದೆಯೇ ಹೊರತು ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಹಿಂದೆ ಉಳಿಯುತ್ತದೆ. ಅಂಥ ಊರಿನವರು ನೀರನ್ನು ಪರೀಕ್ಷೆ ಮಾಡಿಸಿ, ಬೇರೆ ಏರ್ಪಾಡು ಮಾಡಿಕೊಳ್ಳಬೇಕು.

ನಾಲ್ಕು, ಹಬೆಗೆ ಹೆದರಬೇಕು. ಯಾರಿಗಾದರೂ ತಾಗಿದರೆ ಕೂಡಲೇ ಆ ಜಾಗದ ಮೇಲೆ ಸುಮಾರು ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಡಿ. ಶಾಯಿ, ಹಿಟ್ಟು, ಎಣ್ಣೆ ಹಚ್ಚಬೇಡಿ. ಗಾಯ ದೊಡ್ಡದಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ದೊಡ್ಡ ವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲಿ ನೋಡಿದ ಗುಳ್ಳೆಯೇ ನಿಮ್ಮ ಒಲೆಯ ಮೇಲೂ ಏಳುತ್ತಿದೆ. ಅವರು ತಾಳ್ಮೆಯಿಂದ ನೋಡಿದರು, ಯಾಕೆ ಎಂದು ಕೇಳಿದರು. ನಾವೂ ಇಂದು ರಾತ್ರಿ ಎಸರಿಟ್ಟಾಗ ಒಂದು ಗಳಿಗೆ ನಿಂತು ನೋಡೋಣ. ಮೂರನೆಯ ಗುಳ್ಳೆ ಬರುವವರೆಗೆ ಕಾಯೋಣ.